ಓದಬಹುದು, ಬರೆಯುವಂತಿಲ್ಲ

ಲಿನಕ್ಸ್ ಯಂತ್ರ ಬೂಟ್ ಆಗಲಾರದೆ ಅರ್ಧದಲ್ಲಿ ನಿಂತಾಗ ಆಡುವ ಮಾತು ನನಗೆ ಬಹಳ ಇಷ್ಟ. ಕಪ್ಪು ತೆರೆಯ ಮೇಲೆ ನಾಲ್ಕೈದು ಸಾಲು. ಈಗ ಎಮರ್ಜೆನ್ಸಿ ಮೋಡ್‌ನಲ್ಲಿದ್ದೀರಿ ಎನ್ನುತ್ತದೆ, ಲಾಗ್ ನೋಡಲು ಯಾವ ಕಮಾಂಡ್, ರೀಬೂಟ್‌ಗೆ ಯಾವುದು ಎಂದು ತಿಳಿಸುತ್ತದೆ, ದುರಸ್ತಿಗೆ ರೂಟ್ ಪಾಸ್‌ವರ್ಡ್ ಕೇಳುತ್ತದೆ. ಸಂಕಟದ ಹೊತ್ತಿನಲ್ಲೂ ಎಷ್ಟು ಸ್ಪಷ್ಟವಾದ ಮಾತು! ಎಷ್ಟೋ ಸಲ ಕಾರಣ ಎಫ್‌ಎಸ್‌ಟ್ಯಾಬ್ ಕಡತದ ಒಂದು ಸಾಲು. ಅಲ್ಲಿ ಹೆಸರಿರುವ ಡಿಸ್ಕ್ ಈಗ ಯಂತ್ರದಲ್ಲಿಲ್ಲ. ಬೂಟ್ ನಡೆಸುವ ಸಿಸ್ಟಮ್‌ಡಿ ಅದಕ್ಕಾಗಿ 90 ಸೆಕೆಂಡು ಕಾದು ನೋಡಿ, ಆಮೇಲೆ ನಮ್ಮನ್ನು ಕರೆಯುತ್ತದೆ.

ನಾವಾಗಿಯೇ ಇಂಥ ದುರಸ್ತಿ ಸ್ಥಿತಿಗೆ ಇಳಿಯುವ ದಾರಿ ಇನ್ನೂ ಸೊಗಸು. ಬೂಟ್‌ಲೋಡರ್ ಗ್ರಬ್‌ನ ಮೆನುವಿನಲ್ಲಿ ‘ಇ’ ಒತ್ತಿ, ಕರ್ನಲ್‌ನ ಸಾಲಿನ ಕೊನೆಗೆ ‘ಸಿಂಗಲ್’ ಎಂದು ಸೇರಿಸಿದರೆ ಸಾಕು. ಈ ತಿದ್ದುಪಡಿ ಆ ಒಂದು ಬೂಟ್‌ಗೆ ಮಾತ್ರ. ಮುಂದಿನ ಸಲ ಎಲ್ಲ ಮೊದಲಿನಂತೆ. ಒಂದೇ ಕಂಪ್ಯೂಟರನ್ನು ಹತ್ತಾರು ಟರ್ಮಿನಲ್‌ಗಳಿಂದ ಬಳಸುತ್ತಿದ್ದ ಯುನಿಕ್ಸ್ ಕಾಲದ ಪದ ಈ ‘ಸಿಂಗಲ್’: ಎಲ್ಲರೂ ಹೊರಗೆ, ದುರಸ್ತಿಯವರೊಬ್ಬರೇ ಒಳಗೆ. 2010ರಲ್ಲಿ ಬಂದ ಸಿಸ್ಟಮ್‌ಡಿ ಆ ಸ್ಥಿತಿಗೆ ರೆಸ್ಕ್ಯೂ ಎಂದು ಹೆಸರಿಟ್ಟಿತು, ಆದರೆ ಹಳೆಯ ಪದವನ್ನೂ ಅರ್ಥಮಾಡಿಕೊಳ್ಳುತ್ತದೆ.

ರೆಸ್ಕ್ಯೂನಲ್ಲಿ ಯಂತ್ರದ ಡಿಸ್ಕ್‌ಗಳೆಲ್ಲ ಮೌಂಟ್ ಆಗಿರುತ್ತವೆ, ನೆಟ್‌ವರ್ಕ್ ಇರದು. ಎಮರ್ಜೆನ್ಸಿ ಅದಕ್ಕೂ ಕೆಳಗಿನ ಮೆಟ್ಟಿಲು: ರೂಟ್ ಫೈಲ್‌ಸಿಸ್ಟಮ್ ಒಂದೇ, ಒಂದು ಶೆಲ್. ವೇಷವಿಲ್ಲ, ಕುಣಿತವಿಲ್ಲ, ಪ್ರಸಂಗ ಮಾತ್ರ ಪೂರ್ತಿ ಇದೆ. ತಾಳಮದ್ದಳೆಯ ರುಚಿ ಹತ್ತಿದವರಿಗೆ ಈ ತೆರೆಯ ಸುಖ ವಿವರಿಸಬೇಕಾಗಿಲ್ಲ.

ಆ ರೂಟ್ ಫೈಲ್‌ಸಿಸ್ಟಮ್ ಕೂಡ ಸಾಮಾನ್ಯವಾಗಿ ಸಿಗುವುದು ಓದುವುದಕ್ಕಷ್ಟೇ. ಇಡೀ ಏರ್ಪಾಡಿನಲ್ಲಿ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಇಲ್ಲೇ. ಬರವಣಿಗೆ ನಡೆಯುತ್ತಿರುವ ಫೈಲ್‌ಸಿಸ್ಟಮ್ ಮೇಲೆ ತಪಾಸಣೆಯ ಎಫ್‌ಎಸ್‌ಸಿಕೆ ಕಮಾಂಡ್ ಓಡಿಸಿ ದುರಸ್ತಿಗೆ ಹೊರಟರೆ ಇದ್ದದ್ದೂ ಹಾಳಾದೀತು, ಹಾಗಾಗಿ ಈ ಕಟ್ಟುಪಾಡು. ಆದರೆ ಅದರಿಂದ ನಮಗೆ ಸಿಗುವುದು ಓದಿನ ಬಿಡುವು. ರೂಟ್ ಆಗಿದ್ದರೂ ಕೈತಪ್ಪಿ ಅಲ್ಲಿನ ಕಡತವೊಂದನ್ನು ಅಳಿಸಲಾಗದು. ಲಾಗ್ ನಿಧಾನವಾಗಿ ಓದಬಹುದು, ಎಫ್‌ಎಸ್‌ಟ್ಯಾಬ್ ತೆರೆದು ಸಾಲುಸಾಲಾಗಿ ಹೋಲಿಸಬಹುದು. ತಪ್ಪು ಕಣ್ಣಿಗೆ ಬಿದ್ದ ಮೇಲೆ ರೀಮೌಂಟ್ ಕಮಾಂಡ್ ಕೊಡುತ್ತೇವೆ, ಬರೆಯುವ ಹಕ್ಕು ಕೈಗೆ ಬರುತ್ತದೆ, ಆ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು. ಅಷ್ಟೇ ದುರಸ್ತಿ.

ಇನ್ನೂ ಆಳಕ್ಕೆ ಹೋಗಬೇಕೆಂದರೆ, ಮೊದಲ ಪ್ರೋಸೆಸ್ ಆಗಿ ಓಡುವ ಇನಿಟ್‌ನ ಜಾಗದಲ್ಲಿ ಬ್ಯಾಷ್ ಶೆಲ್ ಅನ್ನೇ ಓಡಿಸು ಎಂದು ಕರ್ನಲ್‌ಗೆ ಹೇಳಬಹುದು. ಆಗ ಪಾಸ್‌ವರ್ಡ್ ಕೂಡ ಕೇಳುವುದಿಲ್ಲ. ಗ್ರಬ್‌ಗೆ ಬೀಗ, ಡಿಸ್ಕ್‌ಗೆ ಎನ್‌ಕ್ರಿಪ್ಷನ್ ಬೇಕೆನ್ನುವುದು ಇದಕ್ಕೇ. ಇಲ್ಲಿ ಬ್ಯಾಷ್ ಯಂತ್ರದ ಒಂದನೇ ಪ್ರೋಸೆಸ್. ಅದು ಸಾಯುವಂತಿಲ್ಲ, ಎಕ್ಸಿಟ್ ಎಂದರೆ ಕರ್ನಲ್ ಪ್ಯಾನಿಕ್. ಕೆಲಸ ಮುಗಿದ ಮೇಲೆ ‘ಎಕ್ಸೆಕ್’ ಎಂದು ಬರೆದು ಇನಿಟ್ ಅನ್ನು ಕರೆಯಬೇಕು. ಬ್ಯಾಷ್ ತನ್ನ ಜಾಗವನ್ನು ಆ ಒಂದನೇ ನಂಬರಿನ ಸಮೇತ ಅದಕ್ಕೆ ಬಿಟ್ಟುಕೊಡುತ್ತದೆ, ಬೂಟ್ ಅಲ್ಲಿಂದಲೇ ಮುಂದುವರಿಯುತ್ತದೆ.