ಕಪಿಲ್ ಓಡಿ ಗಳಿಸಿದ 75

ಕ್ರೀಡಾ ಸಿನಿಮಾಗಳ ಬಗ್ಗೆ ಬರೆಯಬೇಕೆಂದುಕೊಂಡಿದ್ದೆ. ಪಟ್ಟಿ ಹಿಡಿದು ಕುಳಿತವನು ಮೊದಲ ಹೆಸರಾದ ‘83’ರಲ್ಲೇ ನಿಂತುಬಿಟ್ಟೆ.

1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ವಿಶ್ವಕಪ್ ಪಂದ್ಯದಲ್ಲಿ ಜಿಂಬಾಬ್ವೆ ವಿರುದ್ಧ ಭಾರತದ ನಾಯಕ ಕಪಿಲ್ ದೇವ್ ಆಡಿದ ಇನಿಂಗ್ಸ್‌ಗೆ ಟಿ.ವಿ. ದೃಶ್ಯವಿಲ್ಲ. ಅಂದು ಬಿಬಿಸಿಯಲ್ಲಿ ಮುಷ್ಕರವಿತ್ತು ಎನ್ನುವವರಿದ್ದಾರೆ; ಕ್ಯಾಮೆರಾಗಳು ಬೇರೆ ಪಂದ್ಯಗಳಿಗೆ ಹೋಗಿದ್ದವು ಎನ್ನುವವರೂ ಇದ್ದಾರೆ. ನಿರ್ದೇಶಕ ಕಬೀರ್ ಖಾನ್ 2021ರಲ್ಲಿ ‘83’ ಚಿತ್ರದಿಂದ ಆ ಕೊರತೆಯನ್ನು ತುಂಬಿದರು. ಈಗ ಆ ಆಟದ ಮಾತು ಬಂದರೆ ಎಳೆಯರ ಕಣ್ಣಿಗೆ ಕಟ್ಟುವುದು ಕಪಿಲ್ ಪಾತ್ರದಲ್ಲಿ ರಣವೀರ್ ಸಿಂಗ್ ಬೀಸಿದ ಬ್ಯಾಟು.

ಸಿನಿಮಾದ ಮೇಲೆ ನನಗೆ ದೂರಿಲ್ಲ, ಅದು ಶ್ರದ್ಧೆಯಿಂದ ತೆಗೆದ ಚಿತ್ರ. ನನ್ನ ತಕರಾರು ಹೈಲೈಟ್ಸ್ ತುಣುಕುಗಳನ್ನೇ ಆಟ ಎಂದುಕೊಂಡ ಪಂಥದವರ ಜೊತೆ. ಬೌಂಡರಿ, ಸಿಕ್ಸರ್, ವಿಕೆಟ್ ಇಷ್ಟೇ ಕ್ರಿಕೆಟ್ ಎಂದು ಟಿ.ವಿ. ಕಲಿಸಿತು. ರೀಲ್ಸ್ ಅದನ್ನೂ ಕತ್ತರಿಸಿ ಒಬ್ಬನೇ ತಾರೆಗೆ ಇಳಿಸಿದೆ. ಚಿತ್ರಮಂದಿರದ ಮುಂದಿನ ಕಟೌಟ್ ಸಂಸ್ಕೃತಿ ಕ್ರೀಡಾಂಗಣದ ಒಳಗೂ ಬಂದಿದೆ. ತಂಡ ಸೋತರೂ ತನ್ನ ಹೀರೊ ಐವತ್ತು ಹೊಡೆದನೆಂದು ಕುಣಿಯುವ ಅಭಿಮಾನಿಯನ್ನು ಹೀಗೆಯೇ ಬೆಳೆಸಿದ್ದೇವೆ.

ಅವರಿಗೆ ನನ್ನ ಉತ್ತರ ಆ ದಿನದ ಸ್ಕೋರ್‌ಕಾರ್ಡ್. ಕ್ರಿಕೆಟ್ಟಿನಲ್ಲಿ ಅದಕ್ಕಿಂತ ದೊಡ್ಡ ಕಾವ್ಯವನ್ನು ನಾನು ಓದಿಲ್ಲ. ಗಾವಸ್ಕರ್ 0. ಶ್ರೀಕಾಂತ್ 0. ಅಮರನಾಥ್ 5. ಪಾಟೀಲ್ 1. ಯಶಪಾಲ್ ಶರ್ಮಾ 9. ಕಪಿಲ್ ಅಜೇಯ 175. ಬಿನ್ನಿ 22. ರವಿ ಶಾಸ್ತ್ರಿ 1. ಮದನ್ ಲಾಲ್ 17. ಕಿರ್ಮಾನಿ ಅಜೇಯ 24. ಇತರೆ 12. 60 ಓವರುಗಳಲ್ಲಿ 8 ವಿಕೆಟ್‌ಗೆ 266.

ಈಗ ಕಪಿಲ್ ಅವರ ಸಾಲನ್ನು ಬಿಡಿಸಿ ನೋಡಿ. 138 ಎಸೆತ, 16 ಬೌಂಡರಿ, 6 ಸಿಕ್ಸರ್. ಬೌಂಡರಿಗಳಿಂದ 64, ಸಿಕ್ಸರ್‌ಗಳಿಂದ 36, ಸೇರಿ ಸರಿಯಾಗಿ 100. ಉಳಿದ 75 ರನ್ ಕಾಲಿನಿಂದ ಬಂದವು. ಓಡಿದ ರನ್ ಯಾವತ್ತೂ ಒಬ್ಬನದಲ್ಲ; ಆಚೆ ತುದಿಯವನೂ ಅಷ್ಟೇ ಓಡಿರಬೇಕು, ಔಟಾಗದೆ ನಿಂತಿರಬೇಕು. 17ಕ್ಕೆ 5 ಆಗಿದ್ದಾಗ ಬಂದ ನಮ್ಮ ಬೆಂಗಳೂರಿನ ರೋಜರ್ ಬಿನ್ನಿ 60 ರನ್ನಿನ ಜೊತೆಯಾಟಕ್ಕೆ ನಿಂತರು. 78ಕ್ಕೆ 7 ಆದಾಗ ಮದನ್ ಲಾಲ್ ಕೈಹಿಡಿದರು. 140ಕ್ಕೆ 8 ಆದ ಮೇಲೆ ಬಂದವರು ಸೈಯದ್ ಕಿರ್ಮಾನಿ. ಮುರಿಯದ 126 ರನ್ನಿನ ಆ ಒಂಬತ್ತನೇ ವಿಕೆಟ್ ಜೊತೆಯಾಟ 27 ವರ್ಷ ಏಕದಿನ ಪಂದ್ಯಗಳ ವಿಶ್ವದಾಖಲೆಯಾಗಿತ್ತು. ಆ ಹೊತ್ತಿನಲ್ಲಿ ಕಿರ್ಮಾನಿ ಗಳಿಸಿದ್ದು 24. ಕಪಿಲ್ ಅವರಿಗೆ ಆಡಲು ದಾರಿ ಬಿಟ್ಟುಕೊಟ್ಟ ಆ ವಿವೇಕಕ್ಕೆ ಯಾವ ರೀಲ್ಸ್‌ನಲ್ಲೂ ಜಾಗವಿಲ್ಲ.

ಭಾರತ ಗೆದ್ದ ಅಂತರ ಬರೀ 31 ರನ್. ಕಿರ್ಮಾನಿಯವರ 24, ಬಿನ್ನಿಯವರ 22 ತೆಗೆದುಬಿಟ್ಟರೆ ಆ ಗೆಲುವೇ ಇಲ್ಲ. ಅದೇ ಬಿನ್ನಿ 18 ವಿಕೆಟ್ ಕಿತ್ತು ಆ ವಿಶ್ವಕಪ್‌ನ ಅತಿ ಹೆಚ್ಚು ವಿಕೆಟ್‌ಗಳ ಬೌಲರ್ ಆದರು.

ಕಪಿಲ್ ಅವರ 175ನ್ನು ಇದು ಕಿರಿದಾಗಿಸುವುದಿಲ್ಲ. ಆಚೆ ತುದಿಯಲ್ಲಿ ನಿಂತವರನ್ನು ನಂಬಿ ಆಡಿದ್ದರಿಂದಲೇ ಅದು ನಾಯಕನ ಇನಿಂಗ್ಸ್. ‘83’ ನೋಡಿ, ಮಕ್ಕಳಿಗೂ ತೋರಿಸಿ. ಆಮೇಲೆ ಅವರ ಕೈಗೆ ಆ ಸ್ಕೋರ್‌ಕಾರ್ಡ್ ಕೊಟ್ಟು, ಕಪಿಲ್ ಹೆಸರಿನ ಮೇಲೂ ಕೆಳಗೂ ಇರುವ ಸಾಲುಗಳನ್ನು ಓದಿಸಿ.