ಗಾಲಿಯ ಮೇಲಣ ಮನೆ: ಸ್ಟೈನ್‌ಬೆಕ್ಕರ ಪ್ರವಾಸಗ್ರಂಥ

ಪ್ರವಾಸಗ್ರಂಥವನ್ನು ಕೈಗೆತ್ತಿಕೊಂಡ ವಾಚಕನು ಹೊರಡುವ ಸನ್ನಾಹದ ಪುಟಗಳನ್ನು ಬೇಗಬೇಗನೆ ಮಗುಚಿ, ಊರುಗಳ ಮತ್ತು ಜನರ ವರ್ಣನೆಯಿರುವ ಕಡೆಗೆ ಧಾವಿಸುವುದು ವಾಡಿಕೆ. ಆದರೆ ಪ್ರವಾಸಿಯು ಏನನ್ನು ಕಾಣುವನೆಂಬುದು, ಆತನು ಏನನ್ನು ಕಟ್ಟಿಕೊಂಡು, ಯಾವ ಕಾಲದಲ್ಲಿ, ಎಂಥ ವಾಹನದಲ್ಲಿ ಹೊರಟನೆಂಬುದರಿಂದಲೇ ಅರ್ಧಕ್ಕರ್ಧ ನಿರ್ಣಯವಾಗಿರುತ್ತದೆ. ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ಕರು 1962ರಲ್ಲಿ ಪ್ರಕಟಿಸಿದ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಎಂಬ ಗ್ರಂಥವು ಈ ಮಾತಿಗೆ ಒಳ್ಳೆಯ ನಿದರ್ಶನ. ಅದರ ಗುಣವೂ ದೋಷವೂ ಮೊದಲ ಪುಟಗಳ ಪ್ರಯಾಣಸನ್ನಾಹದಲ್ಲಿಯೇ ಬೀಜರೂಪವಾಗಿ ಅಡಗಿವೆ.

ಸ್ಟೈನ್‌ಬೆಕ್ಕರು ಈ ಸಂಚಾರಕ್ಕೆ ಹೊರಟದ್ದು 1960ನೆಯ ಇಸವಿ ಸೆಪ್ಟೆಂಬರ್ 23ರಂದು. ಆಗ ಅವರಿಗೆ 58 ವರ್ಷ. ಹಿಂದಿನ ವರ್ಷದ ಕೊನೆಯಲ್ಲಿ ಕಾಯಿಲೆ ಬಿದ್ದು ಎದ್ದಿದ್ದರು. ಯಾವ ದೇಶವನ್ನು ಕುರಿತು ಬರೆಯುತ್ತಿದ್ದರೋ ಆ ದೇಶವನ್ನು ಬಹುಕಾಲದಿಂದ ಕಣ್ಣಾರೆ ಕಂಡಿಲ್ಲವೆಂಬ ಕೊರಗು ಅವರನ್ನು ಬಾಧಿಸುತ್ತಿತ್ತು. ಅದಕ್ಕಾಗಿ ಸಣ್ಣ ಲಾರಿಯೊಂದರ ಬೆನ್ನಿನ ಮೇಲೆ ಪುಟ್ಟ ಮನೆಯೊಂದನ್ನು ಕೂರಿಸಿದರು. ಮಂಚ, ಒಲೆ, ಶೀತಪೆಟ್ಟಿಗೆ, ಕಾಯಿಸುವ ಯಂತ್ರ, ಶೌಚದ ಏರ್ಪಾಡು ಎಲ್ಲವೂ ಅದರೊಳಗಿದ್ದುವು. ಈಗ ಆ ದೇಶದಲ್ಲಿ ಆರ್.ವಿ. ಎಂದು ಕರೆಯುವ ಮನೆಬಂಡಿಯ ಜಾತಿಗೇ ಇದು ಸೇರಿದ್ದು. ಡಾನ್ ಕ್ವಿಕ್ಸೋಟನ ಬಡಕುದುರೆಯ ನೆನಪಿಗೆ ಅದಕ್ಕೆ ‘ರೋಸಿನಾಂಟೆ’ ಎಂದು ನಾಮಕರಣವಾಯಿತು. ಚಾರ್ಲಿ ಎಂಬ ವಯಸ್ಸಾದ ಪೂಡಲ್ ನಾಯಿ ಸಹಪ್ರಯಾಣಿಕ. ನ್ಯೂಯಾರ್ಕ್ ಸಂಸ್ಥಾನದ ಸ್ಯಾಗ್ ಹಾರ್ಬರಿನಿಂದ ಹೊರಟು, ಮೇಯ್ನ್, ಷಿಕಾಗೊ, ಉತ್ತರ ಡಕೋಟ, ಮೊಂಟಾನ, ಸಿಯಾಟಲ್, ಕ್ಯಾಲಿಫೋರ್ನಿಯ, ಟೆಕ್ಸಸ್, ನ್ಯೂ ಆರ್ಲಿಯನ್ಸ್ ಮಾರ್ಗವಾಗಿ ಸುಮಾರು 10,000 ಮೈಲಿ ಸುತ್ತಿ, ಅವರು ಡಿಸೆಂಬರಿನಲ್ಲಿ ಮನೆ ಸೇರಿದರು.

ಈ ಯೋಜನೆಯಲ್ಲಿ ವಿವೇಕವಿಲ್ಲದೆ ಇಲ್ಲ. ಬೇಸಗೆಯ ರಜಾ ಮುಗಿದು, ಮಕ್ಕಳು ಶಾಲೆಗಳಿಗೆ ಹಿಂತಿರುಗಿ, ದಾರಿಗಳು ತೆರವಾಗುವವರೆಗೂ ಅವರು ಕಾದರು. ಹೊರಡುವ ಮುನ್ನ ಸೆಪ್ಟೆಂಬರ್ 12ರಂದು ‘ಡಾನ’ ಎಂಬ ಚಂಡಮಾರುತವು ಅವರ ಊರಿನ ಮೇಲೆ ಎರಗಿತು; ಗ್ರಂಥಕರ್ತರು ನೀರಿಗಿಳಿದು ತಮ್ಮ ದೋಣಿಯನ್ನು ಉಳಿಸಿಕೊಂಡ ಸಂಗತಿಯು ಉತ್ಸಾಹದಿಂದ ನಿರೂಪಿತವಾಗಿದೆ. ಅಪರಿಚಿತನೊಬ್ಬನು ಊರೂರು ಅಲೆಯುತ್ತಿದ್ದರೆ ಜನ ಸಂಶಯಪಡುವರೆಂದು ತಿಳಿದು, ಬಂದೂಕನ್ನೂ ಗಾಳದ ಕೋಲುಗಳನ್ನೂ ಜೊತೆಗಿಟ್ಟರು. ಬೇಟೆಗೆ ಹೊರಟವನನ್ನು ಯಾರೂ ಏಕೆಂದು ಕೇಳುವುದಿಲ್ಲವಷ್ಟೆ! ಮುಚ್ಚಳದ ದೊಡ್ಡ ತೊಟ್ಟಿಯೊಂದನ್ನು ಹಿಗ್ಗುವ ಹಗ್ಗಗಳಿಂದ ಕಪಾಟಿನಲ್ಲಿ ತೂಗುಹಾಕಿ, ಬಟ್ಟೆಯನ್ನೂ ಸಾಬೂನನ್ನೂ ನೀರನ್ನೂ ಹಾಕಿದರೆ, ದಾರಿಯ ಕುಲುಕಾಟಕ್ಕೆ ಬಟ್ಟೆ ತಾನಾಗಿ ಒಗೆದುಹೋಗುತ್ತದೆ. ಇಂಥ ವಿವರಗಳಲ್ಲಿ ಸ್ಟೈನ್‌ಬೆಕ್ಕರ ಗದ್ಯಕ್ಕೆ ಸಾಟಿಯಿಲ್ಲ. ಕೈಕೆಲಸ ಬಲ್ಲವನ ಸಂತೋಷವು ಅಲ್ಲಿ ವಾಚಕನಿಗೂ ಅಂಟುತ್ತದೆ.

ಆದರೆ ಇದೇ ಪುಟಗಳಲ್ಲಿ ಒಂದು ವಿರೋಧವೂ ತಲೆದೋರುತ್ತದೆ. ಜನರ ಮಾತನ್ನು ಕೇಳಬೇಕೆಂಬುದು ಪ್ರಯಾಣದ ಉದ್ದೇಶ. ಜನರ ಹಂಗಿಲ್ಲದೆ ಬದುಕಬೇಕೆಂಬುದು ವಾಹನದ ಉದ್ದೇಶ. ಛತ್ರವನ್ನು ಆಶ್ರಯಿಸಿದವನು ಛತ್ರದವನೊಡನೆ ಮಾತನಾಡಲೇಬೇಕು. ನೀರಿಲ್ಲದವನು ಯಾವುದೋ ಬಾಗಿಲನ್ನು ತಟ್ಟಲೇಬೇಕು. ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡ ಆಮೆಗೆ ಇನ್ನೊಬ್ಬರ ಹೊಸ್ತಿಲೇಕೆ? ‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂದು ಕನ್ನಡದ ಗಾದೆ. ಸ್ಟೈನ್‌ಬೆಕ್ಕರು ಎರಡನ್ನೂ ಒಟ್ಟಿಗೆ ಸಾಧಿಸಹೊರಟವರಂತೆ, ಎಂದೂ ಓದಲಾಗದ ಪುಸ್ತಕಗಳನ್ನು ಮಣಗಟ್ಟಲೆ ತುಂಬಿದರು. ಆತಿಥ್ಯಕ್ಕೆಂದು ಮದ್ಯವನ್ನೂ ಸಂಗ್ರಹಿಸಿದರು. ಹೊರೆ ಅತಿಯಾಯಿತೆಂಬುದನ್ನು ತಾವೇ ನಗುತ್ತ ಒಪ್ಪಿಕೊಂಡಿದ್ದಾರೆ. ಇಷ್ಟೆಲ್ಲ ತುಂಬಿಯೂ ಮರೆತದ್ದೊಂದಿತ್ತು. ನಯಾಗರದ ಬಳಿ ಕೆನಡವನ್ನು ಹಾದು ಡೆಟ್ರಾಯಿಟ್ ಸೇರುವ ಯೋಚನೆಯು, ಚಾರ್ಲಿಗೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ಆಗಿದೆಯೆಂಬ ಪತ್ರ ಕೈಯಲ್ಲಿಲ್ಲದುದರಿಂದ, ಗಡಿಯಲ್ಲಿಯೇ ಮುರಿದುಬಿತ್ತು. ಲಾರಿಯಷ್ಟು ಸಾಮಾನಿನ ಮುಂದೆ ಒಂದು ಚೂರು ಕಾಗದವೇ ಹೆಚ್ಚು ತೂಗಿತು. ಈ ಪ್ರಕರಣದ ಹಾಸ್ಯ ಅಪ್ಪಟವಾದುದು. ಗ್ರಂಥದ ಅತ್ಯುತ್ತಮ ಭಾಗಗಳಲ್ಲಿ ಒಂದು.

ಇನ್ನು ಕಾಲದ ವಿಚಾರ. ಶರತ್ಕಾಲವು ಈ ಗ್ರಂಥದಲ್ಲಿ ಬರಿಯ ಹಿನ್ನೆಲೆಯಲ್ಲ. ಕಥಾನಾಯಕನನ್ನು ಹಿಂದಿನಿಂದ ಅಟ್ಟುವ ಶಕ್ತಿ. ವರ್ಮಾಂಟಿನಲ್ಲಿ ಎಲೆಗಳ ಕೆಂಪನ್ನೂ ಹೊಂಬಣ್ಣವನ್ನೂ ಕಾಣುವಾಗ ಬರವಣಿಗೆಗೆ ಬಿಡುವಿದೆ. ಮೇಯ್ನಿನಲ್ಲಿ ಆಲೂಗೆಡ್ಡೆ ಕೀಳಲು ಕೆನಡದಿಂದ ಬಂದ ಕುಟುಂಬವನ್ನು ರೋಸಿನಾಂಟೆಗೆ ಆಹ್ವಾನಿಸಿದ ಸಂಜೆಯ ಚಿತ್ರವೂ ಹಾಗೆಯೇ ನಿಧಾನವಾಗಿ ಪಕ್ವವಾಗಿದೆ. ಬಳಿಕ ಚಳಿಯ ಭಯ ಹೆಚ್ಚುತ್ತದೆ. ಅಮೆರಿಕದ ಉತ್ತರಭಾಗದಲ್ಲಿ ಅಕ್ಟೋಬರ್ ನಡುವಿನಿಂದ ಬಿಡಾರದ ತಾಣಗಳು ಒಂದೊಂದಾಗಿ ಮುಚ್ಚುತ್ತವೆ. ಯೆಲ್ಲೊಸ್ಟೋನಿನ ಬಹುಪಾಲು ರಸ್ತೆಗಳಿಗೆ ನವೆಂಬರಿನ ಆದಿಯಲ್ಲಿ ತಡೆ ಬೀಳುತ್ತದೆ. ಮನೆಬಂಡಿಯ ನೀರಿನ ಕೊಳವೆಗಳು ಹೆಪ್ಪುಗಟ್ಟಿ ಒಡೆಯುತ್ತವೆ. ಉತ್ತರ ಡಕೋಟದಲ್ಲಿ ನವೆಂಬರ್ ಕೊನೆಯ ಹಗಲು ಒಂಬತ್ತು ಗಂಟೆಗೂ ಕಡಿಮೆ. ಜನಸಂದಣಿಯನ್ನು ತಪ್ಪಿಸಿಕೊಳ್ಳಲು ತಡವಾಗಿ ಹೊರಟವನು ಹಗಲಿನ ಬೆಳಕನ್ನು ಬೆಲೆಯಾಗಿ ತೆರಬೇಕು. ಷಿಕಾಗೊವರೆಗಿನ ಹಾದಿಗೆ ದೂರದ ಪ್ರಮಾಣವನ್ನು ಮೀರಿ ಪುಟಗಳು ಸಂದಿವೆ. ಪಶ್ಚಿಮದ ಮಹಾವಿಸ್ತಾರವು ಅವಸರದಲ್ಲಿ ಸರಿದುಹೋಗುತ್ತದೆ. ಕಡೆಯಲ್ಲಿ ವರ್ಜೀನಿಯದ ಆಬಿಂಗ್ಡನ್ ಬಳಿ, ಮನೆಗೆ ನೂರಾರು ಮೈಲಿಗಳಿರುವಾಗಲೇ, ಪ್ರಯಾಣವು ತಮ್ಮೊಳಗೆ ಮುಗಿದುಹೋಯಿತೆಂದು ಗ್ರಂಥಕರ್ತರು ಹೇಳುತ್ತಾರೆ. ಅಲ್ಲಿಂದ ಮುಂದೆ ಅವರು ಏನನ್ನೂ ಕಾಣಲಿಲ್ಲ. ಈ ಮಾತಿನ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಆ ಪ್ರಾಮಾಣಿಕತೆ ಗ್ರಂಥದ ಎಲ್ಲೆಡೆಯೂ ಇದೆಯೆ? ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತರು 2010ರಲ್ಲಿ ಅದೇ ಹಾದಿಯನ್ನು ಹಿಡಿದು ಹೋಗಿ, ಹಳೆಯ ಕಾಗದಗಳನ್ನೂ ಹಸ್ತಪ್ರತಿಯನ್ನೂ ಪರಿಶೀಲಿಸಿ, ಗುರುತರವಾದ ಆಕ್ಷೇಪಗಳನ್ನು ಎತ್ತಿದರು. ಏಕಾಂಗಿ ಸಂಚಾರವೆಂದು ತೋರುವುದರಲ್ಲಿ ಪತ್ನಿ ಎಲೇನ್ ಅನೇಕ ದಿನ ಜೊತೆಗಿದ್ದರು. ಬಂಡಿಯಲ್ಲಿ ಮಲಗಿದ ರಾತ್ರಿಗಳು ಕಡಮೆ, ವಸತಿಗೃಹಗಳಲ್ಲಿ ಕಳೆದುವು ಹೆಚ್ಚು. ಉತ್ತರ ಡಕೋಟದಲ್ಲಿ ಭೇಟಿಯಾದ ನಟನೇ ಮೊದಲಾದವರ ಸಂಭಾಷಣೆಗಳು ಬಹುಮಟ್ಟಿಗೆ ಕಲ್ಪಿತ. ಗ್ರಂಥಕ್ಕೆ ಐವತ್ತು ವರ್ಷ ತುಂಬಿದ 2012ರ ಮುದ್ರಣದ ಪೀಠಿಕೆಯಲ್ಲಿ ಇದನ್ನು ಯಥಾವತ್ತಾದ ವರದಿಯೆಂದು ಗ್ರಹಿಸಬಾರದೆಂಬ ಎಚ್ಚರಿಕೆ ಸೇರಿತು. ಕಾದಂಬರಿಕಾರನು ಕಲ್ಪಿಸಿದರೆ ದೋಷವೇನೆಂದು ಕೇಳುವವರುಂಟು. ಕಾದಂಬರಿಯೆಂದು ಹೇಳಿ ಕಲ್ಪಿಸಿದರೆ ದೋಷವಿಲ್ಲ. ದೇಶವನ್ನು ಹುಡುಕಲು ಹೊರಟೆನೆಂದು ಹೆಸರುಪುಟದಲ್ಲಿಯೇ ಸಾರಿದವನು, ದೇಶದ ಜನರ ಬಾಯಲ್ಲಿ ತನ್ನ ಮಾತನ್ನು ಇಟ್ಟರೆ, ಓದುವವನ ವಿಶ್ವಾಸಕ್ಕೆ ಊನ ಬರುವುದು ನಿಶ್ಚಯ. ಹಂಗಿಲ್ಲದ ಬಂಡಿಯೂ ಓಡುವ ಋತುವೂ ಕೂಡಿ ನಿಜವಾದ ಭೇಟಿಗಳನ್ನು ವಿರಳಗೊಳಿಸಿದುವು. ಆ ತೆರವನ್ನು ಕಲ್ಪನೆ ತುಂಬಿತೆಂದು ಊಹಿಸಲು ಅವಕಾಶವಿದೆ.

ಹಾಗೆಂದು ಎಲ್ಲವನ್ನೂ ತಳ್ಳಿಹಾಕುವುದು ನ್ಯಾಯವಲ್ಲ. ನ್ಯೂ ಆರ್ಲಿಯನ್ಸಿನ ಅಧ್ಯಾಯವು ಸಾರ್ವಜನಿಕ ಚರಿತ್ರೆಯಿಂದ ಸಮರ್ಥಿತವಾದುದು. ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಶಾಲೆಗೆ 1960ರ ನವೆಂಬರ್ 14ರಂದು ರೂಬಿ ಬ್ರಿಜಸ್ ಎಂಬ ಆರು ವರ್ಷದ ಕರಿಯರ ಹುಡುಗಿ ಪ್ರವೇಶಿಸಿದಳು; ದಿನದಿನವೂ ಗುಂಪುಗೂಡಿದ ಹೆಂಗಸರು ಎಳೆಯ ಮಗುವನ್ನು ಬೈದು ಕೂಗಿದರು. ಅದನ್ನು ಕಾಣುವ ಸ್ಟೈನ್‌ಬೆಕ್ಕರು ಬಂಡಿಯನ್ನು ದೂರದಲ್ಲಿ ಬಿಟ್ಟು, ಗುಂಪಿನಲ್ಲಿ ಒಬ್ಬರಾಗಿ ನಿಂತಿದ್ದಾರೆ. ಗಾಲಿಯ ಮೇಲಣ ಮನೆಯಿಂದ ಹೊರಗೆ ಬಂದಾಗಲೇ ದೇಶವು ತನ್ನ ಮುಖವನ್ನು ತೋರಿತು.

ಈ ಗ್ರಂಥದ ಪಕ್ಕದಲ್ಲಿ ಜೆಸ್ಸಿಕ ಬ್ರೂಡರರ ‘ನೊಮ್ಯಾಡ್‌ಲ್ಯಾಂಡ್’ (2017) ಎಂಬುದನ್ನು ಇಟ್ಟು ಓದಬೇಕು. ಅದರ ಆಧಾರದ ಮೇಲೆ ಕ್ಲೋಯಿ ಝಾವೋ ನಿರ್ಮಿಸಿದ ಚಲಚ್ಚಿತ್ರವು 2021ರಲ್ಲಿ ಮೂರು ಆಸ್ಕರ್ ಪಾರಿತೋಷಕಗಳನ್ನು ಪಡೆಯಿತು. 2008ರ ಆರ್ಥಿಕ ಕುಸಿತದ ತರುವಾಯ ಮನೆಯ ಬಾಡಿಗೆ ತೆರಲಾರದೆ ಬಂಡಿಗಳಲ್ಲಿ ವಾಸಿಸತೊಡಗಿದ ವೃದ್ಧರ ಕಥೆ ಅದು. ಅವರ ಪಂಚಾಂಗವೇ ಬೇರೆ: ಬೇಸಗೆಯಲ್ಲಿ ಬಿಡಾರದ ತಾಣಗಳ ಮೇಲ್ವಿಚಾರಣೆ, ಅಕ್ಟೋಬರಿನಲ್ಲಿ ಉತ್ತರದ ಬಯಲುಗಳಲ್ಲಿ ಬೀಟ್‌ಗೆಡ್ಡೆಯ ಸುಗ್ಗಿ, ಹಬ್ಬದ ಮುನ್ನ ಅಮೆಜಾನಿನ ಉಗ್ರಾಣಗಳಲ್ಲಿ ದುಡಿಮೆ, ಚಳಿಗಾಲಕ್ಕೆ ಅರಿಜೋನದ ಮರುಭೂಮಿ. ಸ್ಟೈನ್‌ಬೆಕ್ಕರು ತಾವಾಗಿ ಆರಿಸಿಕೊಂಡ ಋತುವು ಇವರನ್ನು ಕೂಲಿಗಾಗಿ ಕರೆಯುತ್ತದೆ. ಬ್ರೂಡರರು ತಾವೂ ಬಂಡಿಯೊಂದನ್ನು ಕೊಂಡು, ಅವರ ನಡುವೆ ವಾಸಿಸಿ, ಲಿಂಡಾ ಮೇ ಎಂಬ ವೃದ್ಧೆಯ ಜೀವನವನ್ನು ದೀರ್ಘಕಾಲ ಅನುಸರಿಸಿ ಬರೆದರು. ಅವರ ಗದ್ಯದಲ್ಲಿ ಸ್ಟೈನ್‌ಬೆಕ್ಕರ ಲಾಲಿತ್ಯವಿಲ್ಲ. ಆದರೆ ಆಡಿದ ಮಾತು ಯಾರದೆಂಬ ಸಂದೇಹವೂ ಅಲ್ಲಿ ಏಳುವುದಿಲ್ಲ.

ಕನ್ನಡನಾಡಿನ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳನ್ನು ಕರೆಸಿಕೊಂಡು ಇಂಥ ಬಂಡಿಯಲ್ಲಿ ಸುತ್ತಿಸುವ ಆಸೆ ಅವರಿಗೂ ಬರಬಹುದು. ಅವರು ಸ್ಟೈನ್‌ಬೆಕ್ಕರನ್ನು ಮಾರ್ಗದರ್ಶಿಯೆಂದು ಭಾವಿಸದೆ, ಸನ್ನಾಹದ ಸುಖವನ್ನು ಬಲ್ಲ ರಸಿಕನೆಂದು ಓದುವುದು ಲೇಸು. ಹೊರೆ ಕಡಮೆಯಿರಲಿ, ಕಾಗದಪತ್ರ ಸರಿಯಿರಲಿ, ಉತ್ತರದ ಹಾದಿಯನ್ನು ಹಿಮ ಬೀಳುವ ಮುನ್ನ ಮುಗಿಸಿ ದಕ್ಷಿಣಕ್ಕೆ ತಿರುಗಲಿ ಎಂಬಷ್ಟು ಪಾಠ ಅವರ ತಪ್ಪುಗಳಿಂದಲೇ ದೊರೆಯುತ್ತದೆ. ದೇಶದ ಸ್ಥಿತಿಯನ್ನು ಅರಿಯಬೇಕೆನ್ನುವವರು ಮಾತ್ರ ಬ್ರೂಡರರ ಗ್ರಂಥವನ್ನೂ ಜೊತೆಗೆ ಓದತಕ್ಕದ್ದು. ರೋಸಿನಾಂಟೆಯು ಈಗ ಕ್ಯಾಲಿಫೋರ್ನಿಯದ ಸಲೀನಾಸಿನಲ್ಲಿ, ಸ್ಟೈನ್‌ಬೆಕ್ಕರ ಹುಟ್ಟೂರಿನ ಸ್ಮಾರಕಭವನದಲ್ಲಿ ಪ್ರದರ್ಶನಕ್ಕಿದೆ. ಹೋಗಿಬರುವ ಜನ ಅದರ ಕಿಟಕಿಗಳಲ್ಲಿ ಇಣಿಕಿ, ಒಳಗಿನ ಸಣ್ಣ ಮೇಜನ್ನು ನೋಡಿ ಹೋಗುತ್ತಾರೆ.