ಬೇಸ್ ಪಳಗಿಸುವ ರಿಸೀವರ್

ಹೋಮ್ ಥಿಯೇಟರ್ ರಿಸೀವರ್ ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ವಿಚಾರಿಸುವುದು ವಾಟ್ ಎಷ್ಟು, ಚಾನೆಲ್ ಎಷ್ಟು ಎಂದು. ಆದರೆ ಮನೆಯ ಹಾಲ್‌ನಲ್ಲಿ ಸದ್ದು ಕೆಡುವುದು ಹೆಚ್ಚಾಗಿ ಬೇಸ್‌ನಲ್ಲಿ. ಒಂದೆಡೆ ಗುಂಯ್‌ಗುಟ್ಟುತ್ತದೆ, ಸೋಫಾದ ಇನ್ನೊಂದು ತುದಿಗೆ ಸರಿದರೆ ಮಾಯವಾಗುತ್ತದೆ. ಡೆನಾನ್ 2022ರಲ್ಲಿ ತಂದ ಎವಿಆರ್-ಎಕ್ಸ್3800ಎಚ್ ನನಗೆ ಮುಖ್ಯವೆನಿಸುವುದು ಈ ಕಾರಣಕ್ಕೇ. ಅದರ 9 ಚಾನೆಲ್‌ಗಳ ಆಂಪ್ಲಿಫೈಯರ್ ಆಮೇಲಿನ ಮಾತು.

ಸಿನಿಮಾದಲ್ಲಿ ತಗ್ಗಿನ ಸದ್ದಿಗೆಂದೇ ಇರುವ ‘.1’ ಚಾನೆಲ್ ಸಬ್‌ವೂಫರ್‌ಗೆ ಹೋಗುವುದೇ ಬೇಸ್ ಮ್ಯಾನೇಜ್‌ಮೆಂಟ್ ಎಂದು ಅನೇಕರು ತಿಳಿದಿದ್ದಾರೆ. ಅಷ್ಟೇ ಅಲ್ಲ. ತಬಲಾ ಕಛೇರಿಯ ಸ್ಟೀರಿಯೊ ಧ್ವನಿಮುದ್ರಣದಲ್ಲಿ ‘.1’ ಇರುವುದೇ ಇಲ್ಲ; ಡಗ್ಗಾದ ಗುಮಕಿ ಎಡ-ಬಲ ಚಾನೆಲ್‌ಗಳಲ್ಲೇ ಇರುತ್ತದೆ. ಅದರ ತಗ್ಗಿನ ಭಾಗವನ್ನು ಪ್ರತ್ಯೇಕಿಸಿ, ಸಾಮಾನ್ಯವಾಗಿ 80 ಹರ್ಟ್ಜ್‌ನಿಂದ ಕೆಳಗಿನದನ್ನು ಸಬ್‌ವೂಫರ್‌ಗೆ ದಾಟಿಸಿ, ಎರಡೂ ಸದ್ದು ಕಿವಿಗೆ ಒಟ್ಟಿಗೇ ಮುಟ್ಟುವಂತೆ ಮಾಡುವುದು ರಿಸೀವರ್‌ನ ಕೆಲಸ.

ಕಷ್ಟವಿರುವುದು ಈ ‘ಒಟ್ಟಿಗೇ’ ಎಂಬಲ್ಲಿ. 80 ಹರ್ಟ್ಜ್ ಅಲೆಯ ಉದ್ದ ಸುಮಾರು 4.3 ಮೀಟರ್. ಎರಡು ಸಬ್‌ವೂಫರ್ ಇಟ್ಟಿದ್ದೀರಿ, ಒಂದು ಸೋಫಾದಿಂದ 1.5 ಮೀಟರ್, ಇನ್ನೊಂದು 3.6 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. ಅಂತರ ಹೆಚ್ಚುಕಡಿಮೆ ಅರ್ಧ ಅಲೆಯಷ್ಟಾಯಿತು. ಆ ಸ್ವರದಲ್ಲಿ ಒಂದು ಗಾಳಿಯನ್ನು ತಳ್ಳುವ ಹೊತ್ತಿಗೆ ಇನ್ನೊಂದು ಎಳೆಯುತ್ತದೆ. ದುಡ್ಡು ಎರಡರಷ್ಟು ಸುರಿದೂ ಸದ್ದು ಕುಗ್ಗುತ್ತದೆ! ಹಾಗೆಂದು ಎರಡನೆಯದು ಬೇಡವೆನ್ನುವಂತಿಲ್ಲ. ಇಟ್ಟಿಗೆ-ಸಿಮೆಂಟಿನ ನಮ್ಮ ಗೋಡೆಗಳು ಬೇಸನ್ನು ಹೊರಬಿಡದೆ ಹಿಂದಕ್ಕೆ ಎಸೆಯುತ್ತವೆ. 14 ಅಡಿ ಉದ್ದದ ಹಾಲ್ 40 ಹರ್ಟ್ಜ್ ಸುಮಾರಿಗೆ ಮೊರೆಯುತ್ತದೆ. ಈ ಏರಿಳಿತವನ್ನು ಕೋಣೆಯುದ್ದಕ್ಕೂ ತಗ್ಗಿಸಲು ಸರಿಯಾದ ಜಾಗದಲ್ಲಿಟ್ಟ ಎರಡು ಸಬ್‌ವೂಫರ್‌ಗಳೇ ಬೇಕು. ಜೊತೆಗೆ ಒಂದೊಂದಕ್ಕೂ ಬೇರೆ ಬೇರೆ ವಿಳಂಬ ಕೊಡಬಲ್ಲ ರಿಸೀವರ್ ಬೇಕು. ಎಕ್ಸ್3800ಎಚ್‌ನಲ್ಲಿ ಅಂಥ ನಾಲ್ಕು ಸ್ವತಂತ್ರ ಔಟ್‌ಪುಟ್‌ಗಳಿವೆ. ಪ್ರತಿಯೊಂದರ ಮಟ್ಟ, ದೂರ ಎರಡನ್ನೂ ಪ್ರತ್ಯೇಕವಾಗಿ ಹೊಂದಿಸಬಹುದು; ನಮೂದಿಸಿದ ದೂರದಿಂದಲೇ ವಿಳಂಬ ಲೆಕ್ಕವಾಗುತ್ತದೆ. ಅದರ ತಮ್ಮ ಎಕ್ಸ್2800ಎಚ್‌ನ ಹಿಂಬದಿಯಲ್ಲೂ ಎರಡು ಸಬ್‌ವೂಫರ್ ಸಾಕೆಟ್ ಕಾಣುತ್ತವೆ, ಆದರೆ ಎರಡರಿಂದಲೂ ಬರುವುದು ಒಂದೇ ಸಿಗ್ನಲ್.

ಆಕ್ಷೇಪಗಳೂ ಇವೆ. ಕೋಣೆಯ ಸದ್ದನ್ನು ಅಳೆದು ತಿದ್ದುವ, ರಿಸೀವರ್‌ನಲ್ಲೇ ಇರುವ ಆಡಿಸ್ಸಿ ವ್ಯವಸ್ಥೆಯ ಮೈಕ್ ಇಟ್ಟು ಅಳತೆ ಮಾಡಿಸಿದ ಮೇಲೆ ಟವರ್ ಸ್ಪೀಕರ್‌ಗಳನ್ನು ಅದು ಎಷ್ಟೋ ಸಲ ‘ಲಾರ್ಜ್’ ಎಂದು ನಮೂದಿಸುತ್ತದೆ. ಹಾಗೆಯೇ ಬಿಟ್ಟರೆ ಅವುಗಳ ಬೇಸ್ ಸಬ್‌ವೂಫರ್‌ಗೆ ಹೋಗುವುದೇ ಇಲ್ಲ. ಮೆನುಗೆ ಹೋಗಿ ‘ಸ್ಮಾಲ್’ ಮಾಡಿ, 80ಕ್ಕೆ ನಿಲ್ಲಿಸಿ. ಹೆಸರು ಕೇಳಿ ಬೇಸರಪಡಬೇಕಿಲ್ಲ, ಅದು ಸ್ಪೀಕರ್‌ಗೆ ಅವಮಾನವಲ್ಲ. ಆಡಿಸ್ಸಿಯ ತಿದ್ದುಪಡಿಯನ್ನು ನಮಗೆ ಬೇಕಾದಂತೆ ಬದಲಿಸುವ ಆ್ಯಪ್‌ಗೆ ಬೇರೆ ಹಣ ತೆರಬೇಕು, ಅಂಥದ್ದೇ ಇನ್ನೊಂದು ವ್ಯವಸ್ಥೆಯಾದ ಡಿರಾಕ್ ಲೈವ್‌ಗೆ ಮತ್ತೆ ಬೇರೆ. ಇಷ್ಟು ಬೆಲೆಯ ಪೆಟ್ಟಿಗೆಯಲ್ಲಿ ಆ್ಯಪ್‌ಗೂ ಕಾಸು ಕೇಳುವುದು ನನಗೆ ಸರಿಕಾಣುವುದಿಲ್ಲ.

ಒಂದೇ ಸಬ್‌ವೂಫರ್ ಸಾಕು, ಮುಂದೆಯೂ ಒಂದೇ ಎನ್ನುವವರು ಈ ರಿಸೀವರ್‌ಗೆ ಖರ್ಚು ಮಾಡಬೇಕಾಗಿಲ್ಲ. ಉಳಿದ ಹಣದಲ್ಲಿ ಇನ್ನೂ ಒಳ್ಳೆಯ ಸಬ್‌ವೂಫರನ್ನೇ ತರಲಿ. ಎರಡು ಇಡುವ ಮನಸ್ಸಿದ್ದರೆ ಎಕ್ಸ್3800ಎಚ್ ಕೊಟ್ಟ ಹಣಕ್ಕೆ ಮೋಸವಿಲ್ಲ. ಬೇರೆ ಯಾವ ಕಂಪನಿಯದನ್ನು ನೋಡಿದರೂ ಸರಿ, ಮುಂಗಡ ಕೊಡುವ ಮೊದಲು ಅಂಗಡಿಯವರನ್ನು ಒಂದು ಮಾತು ಕೇಳಿ: ಸಬ್‌ವೂಫರ್ ಔಟ್‌ಪುಟ್‌ಗಳಿಗೆ ಬೇರೆ ಬೇರೆ ದೂರ ನಮೂದಿಸಲು ಬರುತ್ತದೆಯೇ? ಬಾಯಿಮಾತಿಗೆ ಒಪ್ಪಬೇಡಿ, ಮೆನು ತೆರೆದು ತೋರಿಸಲು ಹೇಳಿ.